ಎಂಬತ್ತೇಳರಲ್ಲೊಂದು ಪಾಲು

ಬೋರಿಂಗಾಲಿನ ಹಳೇ ಗೂಡ್ಸ್ ಶೆಡ್ಡಿನಲ್ಲಿ
ಪ್ರತಿ ಗುರುವಾರ ಸಂಜೆ ನಾವು ನಾಲ್ವರು
ಇದೇ ಊರನ್ನು ಮೂರು ಮೇಜಿನ ಮೇಲೆ ಮೂರು ಸಲ ಕಟ್ಟುತ್ತೇವೆ.
ಎಲ್ಲವೂ ಎಂಬತ್ತೇಳರಲ್ಲೊಂದು ಪಾಲು.
ಸ್ಟೇಷನ್ನು ಸೋಪಿನ ಪೆಟ್ಟಿಗೆಯಷ್ಟು,
ಮಾಸ್ತರು ಕಿರುಬೆರಳ ತುದಿಯಷ್ಟು,
ಮ್ಯಾಲಿ ಸೀಮೆಯ ಆಕಾಶ ಮಾತ್ರ ಕಿರಿದಾಗಲೊಲ್ಲದು,
ಗೋಡೆಗೆ ಬಳಿದ ನೀಲಿ ಎರಡು ಡಬ್ಬಿ ಕುಡಿದೂ ಸಾಲದಾಯಿತು.

ಮೊದಲ ಮೇಜು ಮರ್ವ್ ನೋಸ್ಕಿಯದು.
ಇಸವಿ ಮೂವತ್ತನಾಲ್ಕು, ಜನವರಿಯ ಧಗೆ.
ಅಲ್ಲಿ ಗೋಧಿಯೆಂದರೆ ಮೂಟೆ.
ಒಂದೊಂದು ಎಂಬತ್ತು ಕೇಜಿ,
ಅವನಪ್ಪನ ಹೆಗಲೇರಿ, ಹಲಗೆಯೇರಿ, ಅಟ್ಟಿಯ ನೆತ್ತಿಗೆ;
ತಿಂಗಳು ಕಳೆದು ಮತ್ತದೇ ಹೆಗಲು, ವ್ಯಾಗನ್ನಿಗೆ.
ಮೇಲೆ ಟಾರ್ಪಾಲು, ಅದರ ಮೇಲೆ ಹಗ್ಗ,
ಆಮೇಲೆ ಜೀಲಾಂಗ್ ಬಂದರು.
‘ಚೀಲ ಬರುತ್ತಿದ್ದುದು ನಿಮ್ಮ ಕಡೆಯಿಂದಲೇ,
ಕಲ್ಕತ್ತೆಯಿಂದ, ಹಡಗಿನಲ್ಲಿ’ ಎಂದ.
ಕಲ್ಕತ್ತೆ ನಮ್ಮ ಕಡೆಯಲ್ಲ ಎನ್ನಲು ಬಾಯಿ ತೆರೆದೆ.
ಅವನು ‘ಗನ್ನಿ’ ಎಂದ. ನನಗೆ ಗೋಣಿ ಎಂದು ಕೇಳಿಸಿತು.
ಸುಮ್ಮನಾದೆ.

ಹಗಲೆಲ್ಲ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೈ ನನ್ನದು,
ಎಷ್ಟು ಮುದುಕರ ಬೆನ್ನೆಲುಬು ನೋಡಿಲ್ಲ ಈ ಊರಲ್ಲಿ!
ಜೇಡಿಯಲ್ಲಿ ಆರುನೂರು ಚೀಲ ಹೊಸೆದೆ, ಕಡಲೆಬೀಜದ ಗಾತ್ರ,
ಹೊಲಿದ ಬಾಯಿಗೆ ಎರಡೆರಡು ಕಿವಿ.
ಕಿವಿ ಮರೆತದ್ದನ್ನು ಮರ್ವ್ ಹಿಂದಕ್ಕೆ ತಳ್ಳುತ್ತಾನೆ:
‘ಹೊರುವವನು ಎಲ್ಲಿ ಹಿಡಿಯಬೇಕಮ್ಮ?’

ಎರಡನೆಯದು ಲೋರ್ನಾ ಪೆಚೆಲ್‌ಳ ಐವತ್ತೆಂಟು.
ಕಾಂಕ್ರೀಟಿನ ಜೋಡಿ ಕಣಜ, ತೂಕದ ಕಟ್ಟೆ,
ಕೊಳವೆಯಿಂದ ಸುರಿವ ಗೋಧಿ, ಕೆಳಗೆ ತೆರೆದ ವ್ಯಾಗನ್ನು,
ಬಾಗಿಲ ಸಂದಿಗೆ ತುರುಕಿದ ಚಿಂದಿ, ಹರಿದ ಗೋಣಿ.
‘ಆ ವರ್ಷ ಗಂಡಸರ ಬೆನ್ನು ನೆಟ್ಟಗಾಯಿತು’ ಎನ್ನುತ್ತಾಳೆ ಲೋರ್ನಾ,
‘ನನ್ನಣ್ಣ ಕೆಲಸ ಹುಡುಕಿ ಮೆಲ್ಬರ್ನಿಗೆ ಹೋದ.’

ಆದರೆ ಸುರಿಯುವುದೇನನ್ನು?
ನಿಜದ ಗೋಧಿಕಾಳು ಆ ವ್ಯಾಗನ್ನಿನಲ್ಲಿ ಕುಂಬಳಕಾಯಿ.
ಗಸಗಸೆ ತಂದೆ, ಇಲ್ಲಿಯದು ಕಪ್ಪುನೀಲಿ, ನಿಂಬೆಹಣ್ಣಿನಷ್ಟಾಯಿತು.
ಕೊನೆಗೆ ಚಿರೋಟಿ ರವೆ,
ದುಪಟ್ಟಾದಲ್ಲಿ ಮೂರು ಸಲ ವಸ್ತ್ರಗಾಳಿ ಮಾಡಿ, ಅರಿಸಿನ ಸೋಕಿಸಿ ಸುರಿದೆ.
ಗೋಧಿಯ ವೇಷ ಗೋಧಿಯೇ ಕಟ್ಟಿತು.
ಲೋರ್ನಾ ಕನ್ನಡಕ ತೆಗೆದು ಒರೆಸಿಕೊಂಡಳು.

ಮೂರನೆಯ ಮೇಜು ಈ ವರ್ಷದ್ದು.
ಎ ಡೋ ಎಂಬ ಕರೆನ್ ಹುಡುಗ, ಹದಿನೈದರವನು,
ಅಪ್ಪನಿಗೆ ಬಾತುಕೋಳಿ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಮುಖ್ಯ ಹಳಿಯ ಮೇಲೆ ಈಗ ನಲವತ್ತು ಹಾಪರುಗಳ ಗಾಡಿ,
ಒಂದೊಂದರ ಹೊಟ್ಟೆಗೂ ಏಳುನೂರು ಮೂಟೆ ಬೇಕಂತೆ.
ನನ್ನ ಆರುನೂರು ಒಂದಕ್ಕೂ ಸಾಲದು.
ಅದು ಇಲ್ಲಿಗೆ ಬರುವುದೂ ಇಲ್ಲ, ಅರವತ್ತು ಮೈಲಿ ದೂರದಲ್ಲೇ ಹಾದುಹೋಗುತ್ತದೆ.
ಬಾರದ ಗಾಡಿಯನ್ನು ಮಾಡುವುದು ಹೇಗೆ?
ಹುಡುಗ ಗಾಡಿಯನ್ನೇ ಇಡಲಿಲ್ಲ.
ಹಳಿಗೆ ಮೂರು ಬಗೆಯ ತುಕ್ಕು ಬೆರೆಸಿದ,
ಸ್ಲೀಪರುಗಳ ನಡುವೆ ಒಂದೊಂದೇ ಹುಲ್ಲು ನೆಟ್ಟ,
ಅಲ್ಲಲ್ಲಿ ಹಸಿರು: ಎಂದೋ ಚೆಲ್ಲಿದ ಗೋಧಿ ಮೊಳೆತದ್ದು.
ಮರ್ವ್ ಬಹಳ ಹೊತ್ತು ಬಗ್ಗಿ ನೋಡಿದ. ಏನೂ ಹೇಳಲಿಲ್ಲ.

ಆಗಸ್ಟಿನ ಒಂದು ಗುರುವಾರ ಬೀಗ ತೆಗೆದರೆ
ಐವತ್ತೆಂಟರ ಫಸಲು ಪೂರಾ ಮಾಯ.
ಕಣಜಕ್ಕೆ ತೂತು, ಟಾರ್ಪಾಲು ಚೂರು,
ಹಳಿಯ ಮೇಲೆ ಹಿಕ್ಕೆ, ಒಂದೊಂದೂ ಅರ್ಧ ಮೂಟೆಯಷ್ಟು.
ಎಂಜಿನ್ನಿಗಿಂತ ಎತ್ತರದ ಇಲಿಯೊಂದು
ರಾತ್ರಿಯಿಡೀ ಮೂರು ಕಾಲಗಳಲ್ಲೂ ಓಡಾಡಿತ್ತು.
ಪೊರಕೆ ತಂದೆ. ಮರ್ವ್ ಕೈ ಅಡ್ಡ ಹಿಡಿದ.
ಅವನಜ್ಜಿ ಕಂಡದ್ದಂತೆ: ಹದಿನೇಳರಲ್ಲಿ
ಈ ಸ್ಟೇಷನ್ನಿನ ಅಟ್ಟಿಗಳು ತಾವಾಗಿಯೇ ಮಿಸುಕಿ
ಒಳಗಿಂದೊಳಗೆ ಟೊಳ್ಳಾಗಿ ಕುಸಿದವಂತೆ,
ಬೂದು ಬಣ್ಣದ ನೀರು ಹರಿದಂತೆ ಇಲಿ.

ಫಲಕದ ಮೂವತ್ತನಾಲ್ಕನ್ನು ಉಗುರಿನಿಂದ ಕೆರೆದು
ಹದಿನೇಳು ಎಂದು ಬರೆದ.
ಲೆಕ್ಕ ಹಾಕಿದ: ಎಂಬತ್ತೇಳರಲ್ಲೊಂದು ಇಲಿ ಎಷ್ಟು ಗಾತ್ರ?
ನನ್ನತ್ತ ತಿರುಗಿ ಕೇಳಿದ,
‘ಆ ಗಸಗಸೆ ಇದೆಯೇನು ಇನ್ನೂ?’

ಚಿಟಿಕೆ ಚಿಟಿಕೆಯಾಗಿ ಅಟ್ಟಿಯ ಬುಡಕ್ಕೆ, ಹಲಗೆಯ ಮೇಲೆ,
ಮಾಸ್ತರ ಬೂಟಿನ ಸುತ್ತ, ಇಬ್ಬರೂ ಉದುರಿಸಿದೆವು.

ಮುಂದಿನ ಗುರುವಾರದೊಳಗೆ
ಅವನ್ನೂ ತಿಂದು ಹೋಗಿತ್ತು.