ಮೂರು ನಿಮಿಷದ ವಿಡಿಯೊ

ಡಂಡೀ ಊರಿನ ಈ ಕೋಣೆಯಲ್ಲಿ ಆಟಿಕೆ ಇಲ್ಲ.
ಗಿಲಕಿ ಇಲ್ಲ, ಚೀಪಲು ನಿಪ್ಪಲ್ಲಿಲ್ಲ, ಲಾಲಿ ಸಲ್ಲದು.
ನೀಲಿ ಚಾಪೆಯ ಮೇಲೆ ಅಂಗಾತ ಟ್ಯಾಮ್,
ಮೇಲೆ ಕ್ಯಾಮೆರಾ,
ಗೋಡೆಗೊರಗಿ ಅವನ ತಾಯಿ ಐಲಿ,
ಬಾಯಿಗೆ ಅಂಗಿಯ ತೋಳು ಅಡ್ಡ ಹಿಡಿದು.

ಮೂರು ನಿಮಿಷ ಯಾರೂ ಮಾತಾಡುವಂತಿಲ್ಲ.

ನಾನು ಕಾಯುತ್ತಿರುವುದು ತೀರ ಸಣ್ಣದೊಂದಕ್ಕೆ.
ಕಾಲೊದೆತವಲ್ಲ, ಕೈಬೀಸಲ್ಲ.
ಮಣಿಕಟ್ಟಿನಲ್ಲಿ, ಕತ್ತಿನ ಬುಡದಲ್ಲಿ, ಹಿಮ್ಮಡಿಯ ಮೇಲೆ,
ಎಸರು ಕುದಿ ಬರುವ ಮುನ್ನ
ಅಲ್ಲಲ್ಲಿ ಮಿಸುಕುತ್ತದಲ್ಲ,
ಅಷ್ಟು.
ಈ ವಯಸ್ಸಿನ ಕೂಸುಗಳೆಲ್ಲ ಹಾಗೆ ಮಿಸುಕುತ್ತವೆ,
ಯಾರೂ ಗಮನಿಸುವುದಿಲ್ಲ.
ಮಿಸುಕದಿದ್ದರೆ
ನಾವು ಇನ್ನೊಂದು ಹೆಸರು ಬರೆಯಲು ತಯಾರಾಗುತ್ತೇವೆ.

ವಯಸ್ಸೂ ಇಲ್ಲಿ ಹುಟ್ಟಿದ ದಿನದ ಲೆಕ್ಕವಲ್ಲ,
ಹುಟ್ಟಬೇಕಿದ್ದ ದಿನದ ಲೆಕ್ಕ.
ಏಳು ವಾರ ಮೊದಲೇ ಬಂದವನು ಟ್ಯಾಮ್.
ಬಂದ ಎರಡನೇ ರಾತ್ರಿಯಿಂದ ನಡುಗಿದ,
ಸೀನಿದ, ಕೀರಲು ದನಿಯಲ್ಲಿ ಅತ್ತ,
ತಾಯ ರಕ್ತದಿಂದ ಬರುತ್ತಿದ್ದದ್ದು ತಟ್ಟನೆ ನಿಂತುಹೋಗಿ.
ಹನಿ ಹನಿ ಮಾರ್ಫೀನ್ ನಾಲಿಗೆಗೆ ಬಿಟ್ಟು
ದಾದಿಯರು ನಾಲ್ಕು ತಾಸಿಗೊಮ್ಮೆ ಅಂಕ ಹಾಕಿದರು.
ಆಗ ಎಲ್ಲರ ಹರಕೆ ಒಂದೇ: ನಡುಕ ನಿಲ್ಲಲಿ.
ಈಗ ಅದೇ ಕೈಗಳ ಮುಂದೆ ಕೂತು
ಅಲುಗಲಿ ಅನ್ನುತ್ತಿದ್ದೇನೆ.

ಫೈಲಿನಲ್ಲಿ ಅವಳ ಹೆಸರು ಆರು ಅಕ್ಷರ,
ಕೂಗುವಾಗ ಅರ್ಧವೂ ಇಲ್ಲ.
ಬರೆದದ್ದನ್ನೆಲ್ಲ ಉಲಿಯುವ ಭಾಷೆಯಿಂದ ಬಂದ ನನಗೆ
ಮೊದಲ ದಿನ ತಪ್ಪಿತ್ತು. ಅವಳು ನಕ್ಕಿದ್ದಳು.
ಅದೇ ಫೈಲಿನಲ್ಲಿ ಇದೂ ಇದೆ:
ಐದನೇ ತಿಂಗಳವರೆಗೆ ಬೀದಿಯ ನೀಲಿ ಗುಳಿಗೆ,
ಆಮೇಲೆ ದಿನಾ ಬೆಳಿಗ್ಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ
ಎಲ್ಲರೆದುರು ಕುಡಿದ ಹಸಿರು ಮೆಥಡೋನ್.
ಒಂದು ದಿನವೂ ತಪ್ಪಿಸಲಿಲ್ಲ ಎಂಬುದಕ್ಕೆ
ಫಾರಮ್ಮಿನಲ್ಲಿ ಜಾಗವಿಲ್ಲ.

ಹೋದ ಸಲ ಕೇಳಿದ್ದಳು, ಕಾಲುಚೀಲ ತೊಡಿಸುತ್ತ,
ನನ್ನತ್ತ ನೋಡದೆ:
"ನನ್ನಿಂದಲೇನಾ?"

ಗುಳಿಗೆಯೋ, ಸಿಗರೇಟೋ, ಏಳು ವಾರದ ಅವಸರವೋ,
ಎಳೆ ಮಿದುಳಿನಲ್ಲಿ ಯಾವ ರಾತ್ರಿ ಏನು ಒಡೆಯಿತೋ,
ಒಡೆಯಲೇ ಇಲ್ಲವೋ.
ಅಪಾಯ ಹೆಚ್ಚು ಎನ್ನಬಲ್ಲೆ. ಅದರಾಚೆ ನನ್ನ ವಿದ್ಯೆ ಮೂಕ.

ನಮ್ಮ ಓಣಿಯ ಸಂಕವ್ವನ ಮಗ ಹತ್ತು ವರ್ಷವಾದರೂ
ನೆಲ ಬಿಟ್ಟು ಏಳಲಿಲ್ಲ.
ಗ್ರಹಣದ ಹೊತ್ತು ಈಳಿಗೆ ಮುಟ್ಟಿದ್ದಳಂತೆ, ಎಂದರು ಜನ.
ಅವಳು ಏನೂ ನುಂಗಿರಲಿಲ್ಲ,
ಆ ಮಾತೊಂದನ್ನು ಬಿಟ್ಟು.
ಸಾಯುವತನಕ ಆ ಈಳಿಗೆಯನ್ನು ತೊಳೆಯುತ್ತಲೇ ಇದ್ದಳು.

ಇದನ್ನು ಐಲಿಗೆ ಹೇಗೆ ಹೇಳಲಿ?
ನನ್ನ ಮಾತಿನಲ್ಲಿ ಮಾಡಿದ್ದೂ ಪಾಪ,
ಕಂಡು ಮರುಗಿದರೆ ಅದೂ ಪಾಪ,
ಕೊನೆಗೊಂದು ಕೊಂಬು ಕೊಟ್ಟರೆ
ಮಡಿಲಲ್ಲಿರುವುದು ಪಾಪು.
ಅವಳ ಭಾಷೆಯಲ್ಲಿ ಮೂರಕ್ಕೂ ಬೇರೆ ಬೇರೆ ಬಾಗಿಲು.

ಎರಡು ನಿಮಿಷ.
ಕಿಟಕಿಯಾಚೆ ಟೇ ನದಿಯಲ್ಲಿ ಉಬ್ಬರ ಇಳಿಯುತ್ತಿದೆ,
ಕಡಲಹಕ್ಕಿಯೊಂದು ಕಸದ ಡಬ್ಬಿಯ ಮೇಲೆ ಜಗಳಕ್ಕೆ ನಿಂತಿದೆ.
ಟ್ಯಾಮನ ಬಲ ಮಣಿಕಟ್ಟು
ತಿರುಗಿತು.
ಮತ್ತೆ, ಇನ್ನೊಂದು ದಿಕ್ಕಿಗೆ, ಇಷ್ಟೇ ಇಷ್ಟು.
ಎಡಗೈ, ಮುಷ್ಟಿಯೊಳಗೆ ಹೆಬ್ಬೆರಳು ಮಡಿಸಿಕೊಂಡು,
ಸುಮ್ಮನಿದೆ.

ಕ್ಯಾಮೆರಾ ಆರಿಸಿದೆ.
"ಮುಂದಿನ ಗುರುವಾರ ಇನ್ನೊಮ್ಮೆ ನೋಡೋಣ," ಎಂದೆ.
ಅವಳಿಗೆ ಗೊತ್ತಾಯಿತು, ನನಗೆ ಗೊತ್ತಾದಷ್ಟು.
ಏನೂ ಕೇಳಲಿಲ್ಲ.
ಮೊಣಕಾಲೂರಿ ಕೂತು
ಆ ಎಡ ಮುಷ್ಟಿಯನ್ನು ಒಂದೊಂದೇ ಬೆರಳಾಗಿ
ಬಿಡಿಸತೊಡಗಿದಳು, ಹಸಿ ಬಟಾಣಿ ಸುಲಿಯುವ ಹಾಗೆ,
ಒಳಗಿನ ಹೆಬ್ಬೆರಳಿಗೆ ನೋವಾಗದಂತೆ.
ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.