ಬುಡದ ಬಿದಿರು

ಎಂಬತ್ತಮೂರನೇ ಇಸವಿ, ಮಟಮಟ ಮಧ್ಯಾಹ್ನ
ಬಂಬೂ ಬಜಾರಿನ ನಮ್ಮ ಅಂಗಡಿಗೆ
ಯೋಗ ಕಲಿಯಲು ಬಂದಿದ್ದ ಹತಾನಾಕ
ಸೈಕಲ್ ಒರಗಿಸಿ ಕೇಳಿದ:
ಬಿದಿರು ಬೇಕು, ಬೇರು ಸಮೇತ.

ಬೇರಲ್ಲಿ ಏನ್ ಹೆಣೀತಾನಂತೆ ಇವ್ನು, ಅಂದ ಅಪ್ಪ.
ಬುಡ ಕಡಿದು ಒಲೆಗೆ ಹಾಕುವ ಜನ ನಾವು.
ಮೊರಕ್ಕೆ, ಕುಕ್ಕೆಗೆ, ಚಟ್ಟಕ್ಕೆ
ನೆಟ್ಟಗಿನ ಗಳವೇ ಆಗಬೇಕು.
ಸೌದೆ ರಾಶಿಯಿಂದ ಒಂದು ಎಳೆದುಕೊಟ್ಟೆ,
ಕಾಸು ಇಸಕೊಳ್ಳಲಿಲ್ಲ.

ಎರಡು ವರ್ಷದ ಮೇಲೆ ಅದೇ ಬುಡ ವಾಪಸು ಬಂತು.
ಒಳಗೆ ಅರಗಿನ ಕೆಂಪು,
ಮುಂದೆ ನಾಕು ತೂತು, ಬೆನ್ನಿಗೊಂದು.
ಶಾಕುಹಾಚಿ, ಅಂದ.
ನಾಲಗೆ ಹೊರಳದ ನಮ್ಮ ಬೀದಿ
ಸಾಕಾಚಾರಿ ಅಂತ ಕರೆಯಿತು.

ಎಲ್ಲ ಬೆರಳೂ ಮುಚ್ಚಿದರೆ ಬರುವ ಸ್ವರ, ರೋ.
ರೋದನೆಯ ಮೊದಲಕ್ಷರ ಎಂದುಕೊಂಡಿದ್ದೆ.
ಅಲ್ಲವಂತೆ. ಊದು, ಅಷ್ಟೇ.
ತಲೆ ಅಲ್ಲಾಡಿಸಲು ಮೂರು ವರ್ಷ ಎಂದು ಅವರಲ್ಲಿ ಗಾದೆ;
ನನಗೆ ಐದು ಹಿಡಿಯಿತು,
ಹಗಲು ಮೊರ ಹೆಣೆಯುವವನು.

ಆಕಾಶವಾಣಿಗೆ ಮೂರು ಸಲ ಅರ್ಜಿ.
ವಾದ್ಯಗಳ ಪಟ್ಟಿಯಲ್ಲಿಲ್ಲ ಎಂದು ಮೂರು ಸಲ ವಾಪಸು.
ನಾಕನೇ ಸಲ ಕೊಳಲು ಎಂದು ಬರೆದೆ.
ಯಾವ ರಾಗ, ಅಂದರು.
ಗೊತ್ತಿಲ್ಲ ಸಾರ್, ಬುಡದ್ದು, ಅಂದೆ.

ಸರಸ್ವತಿಪುರಂನಲ್ಲಿ ಒಂದು ಮದುವೆ.
ಅರ್ಧಕ್ಕೆ ಬೀಗರು ಬಂದು
ನಿಲ್ಲಿಸಿ, ಯಾರೋ ಹೋದ ಹಾಗಿದೆ, ಎಂದರು.
ಊಟ ಹಾಕಿ ಕಳಿಸಿದರು. ಚಿರೋಟಿ ಚೆನ್ನಾಗಿತ್ತು.

ನಾಟಕದವರು ಮಾತ್ರ ಬಿಡಲಿಲ್ಲ.
ದೀಪ ಬರುವ ಮುಂಚಿನ ಆ ಕತ್ತಲೆಗೆ
ಹತ್ತೊಂಬತ್ತು ವರ್ಷ ನನ್ನುಸಿರು ಬಾಡಿಗೆಗೆ ಹೋಯಿತು.
ಸಂಜೆಗೆ ನೂರೈವತ್ತು, ಮೇಲೊಂದು ಟೀ.

ನಾನೇ ಕಟ್ಟಿದ್ದು ಏಳು.
ಒಂದರ ಹೆಸರು ಸೀಳು:
ಕತ್ತಿ ಗೆಣ್ಣಿಗೆ ತಾಗಿ, ನಿಂತು,
ಮತ್ತೆ ಹೊರಡುವ ತನಕದ್ದು.
ಏಳನೆಯದು ಮುಗಿದಿಲ್ಲ.

ಅವ್ವ ಒಂದನ್ನೂ ಕೇಳಿದವಳಲ್ಲ.
ಹಸಿ ಸೌದೆ ಹೊಗೆಯುತ್ತಿದ್ದ ಒಂದು ಸಂಜೆ
ಊದುಗೊಳವೆ ಸಿಗದೆ
ನನ್ನ ಕೈಯಿಂದ ಇದನ್ನೇ ಕಿತ್ತುಕೊಂಡು ಊದಿದಳು.
ಸ್ವರವಲ್ಲ. ಸ್ವರ ಬರುವ ಮುಂಚಿನದು,
ಐದು ವರ್ಷ ನಾನು ಬೇಡವೆಂದು ಒರೆಸಿಹಾಕಿದ್ದು.
ಕೆಂಡ ಕಣ್ಣು ಬಿಟ್ಟಿತು.
ಬೇರಿನ ಕಡೆ ಬಿಸಿಗೆ ಬಿರುಕೂ ಬಿಟ್ಟಿತು,
ಕೂದಲೆಳೆಯಷ್ಟು.

ಅಂಟು ಹಾಕಿ, ದಾರ ಸುತ್ತಿ
ಈಗಲೂ ಊದುವುದು ಅದನ್ನೇ.
ಮೊನ್ನೆ ಹತಾನಾಕನ ಮೊಮ್ಮಗಳು ಬಂದಿದ್ದಳು,
ಸರಿಮಾಡಿಸಿ ತರುತ್ತೇನೆ ಎಂದಳು.
ಬೇಡ ಕಣಮ್ಮ.
ಹಾಗಾದರೆ ಒಂದು ಬುಡ ಕೊಡಿ, ಬೇರು ಸಮೇತ.

ನಮ್ಮಲ್ಲೀಗ ಗ್ಯಾಸು.
ಬುಡವನ್ನೆಲ್ಲ ಕಾರ್ಪೊರೇಷನ್ ಗಾಡಿಗೆ ಹಾಕುತ್ತೇವೆ,
ಆರೂವರೆಗೆ ಬರುತ್ತೆ,
ಅಷ್ಟರೊಳಗೆ ಬಾ, ಎಂದೆ.