ಬೆನ್ನಿಗೆ ಕತ್ತರಿ

ಡೆಂಜಿಲ್ ಕೊಡಬೇಕಿದ್ದ ಬಾಕಿ ಎಂಟು ನೂರು.
ಅಡುಗೆಕೋಟು ನಾಲ್ಕು, ಎದೆಗೆ ಎರಡು ಸಾಲು ಗುಂಡಿ,
ಹೊಲಿದುಕೊಟ್ಟು ತಿಂಗಳಾಯಿತು. ನಿನ್ನೆ ರಾತ್ರಿ
ಹೋಟೆಲಿನ ಹಿಂಬಾಗಿಲಿಂದ ಬಂದವನು
ನಮ್ಮ ಹಿಂಬಾಗಿಲಿಗೇ ಬಂದು
ಐಸಿನ ಚೀಲ ಇಟ್ಟು ಹೋದ.
"ಮಿಕ್ಕದ್ದು ಸಂಬಳದ ದಿನ, ಅಕ್ಕಾ."

ಬಿಚ್ಚಿದರೆ ಎರಡು ಬಾಲ.
ತಲೆಯಿಲ್ಲ, ಮೀಸೆಯಿಲ್ಲ.
ಸಿಗಡಿಯ ದೊಡ್ಡಪ್ಪ ಎಂದೆ ನಾನು.
ಲಾಬ್‌ಸ್ಟರ್ ಎಂದ ಚೌರಪ್ಪ, ಕನ್ನಡಕ ಏರಿಸಿ.
ಕೇಕಿನ ಮೇಲೆ ಊರವರ ಹೆಸರೆಲ್ಲ ಬರೆದವನು,
ಕೇಳದಿದ್ದರೂ ಸ್ಪೆಲ್ಲಿಂಗು ಹೇಳಿದ.

ಫ್ರೇಜರ್ ಟೌನಿನ ಬೇಕರಿಯಲ್ಲಿ ಮೂವತ್ತೆಂಟು ವರ್ಷ
ಮೈದಾ ನಾದಿದವನಿಗೆ
ಮೈದಾ ಬೇಡ ಎಂದಿದ್ದಾರೆ ಡಾಕ್ಟರಮ್ಮ.
ಅನ್ನ ಬೇಡ, ಮುದ್ದೆ ಬೇಡ,
ಬನ್ನಿನ ಹೆಸರೂ ಎತ್ತಬೇಡ.
ಹನ್ನೊಂದು ದಿನದಿಂದ ಮೊಟ್ಟೆ, ಹೂಕೋಸು, ಮೊಟ್ಟೆ.
ಹೂಕೋಸು ತುರಿದು ಅನ್ನವೆಂದು ಬಡಿಸಿದ ದಿನ
ತಟ್ಟೆಗೆ ಕೈಮುಗಿದು ಎದ್ದುಬಿಟ್ಟ.

ಚಿಪ್ಪು ಚಾಕುವಿಗೆ ಬಗ್ಗಲಿಲ್ಲ.
ಮೆಷಿನ್ನಿನ ಡ್ರಾಯರಿಂದ ದೊಡ್ಡ ಕತ್ತರಿ ತೆಗೆದೆ,
ಕಾಗದ ಕತ್ತರಿಸಲೂ ಯಾರಿಗೂ ಕೊಡದ ಕತ್ತರಿ,
ಬಿಸಿನೀರಲ್ಲಿ ತೊಳೆದು
ಬೆನ್ನ ನಡುಗೆರೆಗೆ ಇಟ್ಟೆ.
ರವಿಕೆಯ ಬೆನ್ನು ಸೀಳಿದ ಹಾಗೇ, ಕುತ್ತಿಗೆಯಿಂದ ಕೆಳಕ್ಕೆ,
ಬಾಲದ ಬೀಸಣಿಗೆ ಮುಟ್ಟುವ ಮುನ್ನ ನಿಲ್ಲಿಸಿ.
ಟಕ್, ಟಕ್.
ಈ ಬಟ್ಟೆಗೆ ಅಂಚು ಮಡಿಸುವ ಹಾಗಿಲ್ಲ.
ಬೆರಳು ತೂರಿಸಿ ಮಾಂಸ ಬಿಡಿಸಿ
ಚಿಪ್ಪಿನ ಮೇಲೇ ಕೂರಿಸಿದೆ,
ಒಳಗಿನ ಅಸ್ತರು ಹೊರಗೆ ಹಾಕಿದಂತೆ.
ಕಪ್ಪು ನರವೊಂದು, ಅದನ್ನು
ಹಳೇ ಹೊಲಿಗೆ ಬಿಚ್ಚುವ ಹಾಗೆ ಎಳೆದೆ.

ಬೆಣ್ಣೆ ಮಾತ್ರ ಅವನ ಇಲಾಖೆ.
"ಹೊಗೆ ಬರಬಾರದು, ಕಂದು ಬರಬೇಕು"
ಎಂದು ಬಾಣಲೆಗೆ ಕಿವಿಯಿಟ್ಟು ನಿಂತ.
ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಕೊತ್ತಂಬರಿ ಕಡ್ಡಿ,
ನಿಂಬೆ ಕೊನೆಗೆ.
ಬೂದು ಚಿಪ್ಪು ಕೆಂಪೇರಿತು,
ಗಾಜಿನಂತಿದ್ದ ಮಾಂಸ ಬೆಳ್ಳಗೆ ಮುದುಡಿತು.
"ಸಾಕು, ಇಳಿಸೇ!"
ಬೇಕರಿ ಹುಡುಗರಿಗೆ ಗದರುತ್ತಿದ್ದ ಗಂಟಲು.
ಹನ್ನೊಂದು ದಿನ ಎಲ್ಲಿತ್ತೋ.

ತಿಂದೆವು.
"ಇದಕ್ಕೆ ಸಕ್ಕರೆ ಯಾರು ಹಾಕಿದರು?" ಎಂದ,
ಅರ್ಧ ತಮಾಷೆ, ಅರ್ಧ ಭಯ.
ಸಮುದ್ರದ್ದೇ ಸಿಹಿ ಕಣೋ, ತಿನ್ನು, ಎಂದೆ.
ಮಾಂಸ ಮುಗಿದು ತಟ್ಟೆಯಲ್ಲಿ ಬೆಣ್ಣೆ ಉಳಿಯಿತು.
ಅವನ ಎಡಗೈ ತಟ್ಟೆಯ ಪಕ್ಕ ತಡಕಾಡಿತು,
ಬನ್ನು ಇರುತ್ತಿದ್ದ ಜಾಗ ಅದು.
ನಾನು ಕಾಣದವಳಂತೆ ನೀರು ಕುಡಿದೆ.
ಆಮೇಲೆ ಚಿಪ್ಪನ್ನೇ ಎತ್ತಿ, ಬೆಣ್ಣೆಗೆ ಅದ್ದಿ
ಸೊರ್ರನೆ ಚೀಪಿದ,
ಪಕ್ಕದ ಮನೆಗೂ ಕೇಳುವ ಹಾಗೆ.

ಎರಡು ಗಂಟೆ ಬಿಟ್ಟು ಬೆರಳು ಚಾಚಿದ.
ಸೂಜಿ ಹಿಡಿದೇ ಬದುಕಿದವಳು ನಾನು,
ಈ ಸೂಜಿಗೆ ಮಾತ್ರ ಕೈ ಅಳುಕುತ್ತದೆ.
ನೂರ ನಲವತ್ತೊಂದು.
ಇನ್ನೊಮ್ಮೆ ಓದಿಸಿದ.
"ಡೆಂಜಿಲ್‌ಗೆ ಇನ್ನೆರಡು ಕೋಟು ಬೇಕೇನೋ ಕೇಳು."

ಕತ್ತರಿ ಮೂರು ಸಲ ತೊಳೆದೆ.
ಮೊನೆ ತುಸು ಮೊಂಡಾಗಿದೆ.
ನಾಳೆ ಮದುವೆಯ ರೇಷ್ಮೆ ಕತ್ತರಿಸುವುದಿದೆ,
ಇನ್ನೂ ಬೆಳ್ಳುಳ್ಳಿ ನಾರುತ್ತಿದೆ.